ಹಗರಣವೆಂಬುದು ಯಾರ ಆಟ?

ರಾಜಕೀಯ ವ್ಯಂಗ್ಯಚಿತ್ರವೆಂಬುದು ಇಂಗ್ಲಿಷರು ನಮಗೆ ಬಿಟ್ಟುಹೋದ ಸರಕುಗಳಲ್ಲಿ ಒಂದು ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ರೈಲು ಬಂತು, ಅಂಚೆ ಬಂತು, ಚಹಾ ಬಂತು. ಅವುಗಳ ಬೆನ್ನಿಗೇ ಆಳುವವರನ್ನು ಕಂಡು ನಗುವ ವಿದ್ಯೆಯೂ ಹಡಗು ಹತ್ತಿ ಬಂತು ಎಂಬುದು ಇವರ ಲೆಕ್ಕ. ಈ ಲೆಕ್ಕಕ್ಕೆ ಒಂದು ವಂಶಾವಳಿಯೂ ಉಂಟು. 1841ರಲ್ಲಿ ಲಂಡನ್ನಿನ ‘ಪಂಚ್’, 1877ರಲ್ಲಿ ಲಖನೌದ ‘ಅವಧ್ ಪಂಚ್’, 1942ರಲ್ಲಿ ಬೆಂಗಳೂರಿನ ‘ಕೊರವಂಜಿ’. ಕನ್ನಡದ ಅಧ್ಯಾಪಕನಾದ ನಾನೂ ಹಲವು ವರ್ಷ ತರಗತಿಯಲ್ಲಿ ಇದನ್ನೇ ಹೇಳಿಕೊಟ್ಟಿದ್ದೇನೆ. ಹುಡುಗರು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆದಿದ್ದಾರೆ. ಈಗ ಆ ಪಾಠವನ್ನು ನಾನೇ ಹಿಂದಕ್ಕೆ ಪಡೆಯಬೇಕಾಗಿದೆ.

‘ನಮ್ಮಲ್ಲೂ ಎಲ್ಲವೂ ಇತ್ತು’ ಎಂದು ಮೀಸೆ ತಿರುವುವುದಕ್ಕಾಗಿ ಈ ಮಾತು ಎತ್ತಿಲ್ಲ. ಅಂಥ ಅಭಿಮಾನದ ಲೇಖನಗಳಿಗೆ ನಮ್ಮಲ್ಲಿ ಬರವಿಲ್ಲ. ನನ್ನ ಚಿಂತೆ ಬೇರೆ. ಜನ ಅಧಿಕಾರವನ್ನು ನೋಡಿ ನಗಲು ಕಲಿತದ್ದು ಪತ್ರಿಕೆಯಿಂದ ಎಂದು ತಿಳಿದವನಿಗೆ, ಬೀದಿಯ ನಗೆ ನಿಂತುಹೋದರೆ ಏನೂ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ‘ಹೇಗೂ ಪತ್ರಿಕೆಯಲ್ಲಿ ಚಿತ್ರ ಬರುತ್ತದಲ್ಲ!’ ಎಂದು ಸುಮ್ಮನಾಗುತ್ತಾನೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಈ ಕಳವು ಕಣ್ಣೆದುರಿಗೇ ನಡೆಯುತ್ತಿದೆ. ಕಳವಿಗೆ ಕೈಹಚ್ಚಿದವರಲ್ಲಿ ನಾನೂ ಒಬ್ಬ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಇಂಗ್ಲೆಂಡಿಗೇ ಹೋಗೋಣ. ವ್ಯಂಗ್ಯಚಿತ್ರದ ತವರು ಎನ್ನಿಸಿಕೊಂಡ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ನಿಜವಾಗಿ ನಡೆದದ್ದೇನು? 1762ರಲ್ಲಿ ಬ್ಯೂಟ್ ಎಂಬ ಸ್ಕಾಟ್ಲೆಂಡಿನ ಧಣಿ ಪ್ರಧಾನಿಯಾದ. ಎಳೆಯ ದೊರೆಗೆ ಗುರುವಾಗಿದ್ದವನು. ದೊರೆಯ ತಾಯಿಗೆ ಬೇಕಾದವನೆಂದು ಜನರ ಗುಸುಗುಸು ಬೇರೆ. 1763ರಲ್ಲಿ ಸೇಬಿನ ಮದ್ಯಕ್ಕೆ ತೆರಿಗೆ ಹಾಕಿಸಿದ. ಹೆಸರು ಬ್ಯೂಟ್, ಜನರ ಬಾಯಿಗೆ ಅದು ಬೂಟು! ಈ ಶ್ಲೇಷೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಅಂದಿನಿಂದ ಇಂಗ್ಲೆಂಡಿನ ಊರೂರಿನಲ್ಲಿ ಜನ ಒಂದು ದೊಡ್ಡ ಬೂಟನ್ನೂ ಒಂದು ಹೆಂಗಸಿನ ಲಂಗವನ್ನೂ ಕೋಲಿಗೆ ಕಟ್ಟಿ, ಮೆರವಣಿಗೆ ಮಾಡಿ, ಗಲ್ಲಿಗೇರಿಸಿ ಸುಟ್ಟರು. ಚಿತ್ರಗಾರರು ಬೂಟನ್ನು ಬರೆದರು, ಜನ ಬೂಟನ್ನು ಸುಟ್ಟರು. ಇವರನ್ನು ನೋಡಿ ಅವರು, ಅವರನ್ನು ನೋಡಿ ಇವರು! ಯಾರು ಗುರು ಯಾರು ಶಿಷ್ಯ ಎಂದು ಹೇಳಲು ಬಾರದಂತೆ ಬೀದಿಯೂ ಚಿತ್ರವೂ ಒಂದರೊಳಗೊಂದು ಬೆರೆತಿದ್ದುವು.

ಅದೇ 1763ರ ಏಪ್ರಿಲ್ಲಿನಲ್ಲಿ ಜಾನ್ ವಿಲ್ಕ್ಸ್ ಎಂಬಾತ ತನ್ನ ‘ನಾರ್ತ್ ಬ್ರಿಟನ್’ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ದೊರೆಯ ಭಾಷಣವನ್ನು ಹೀಗಳೆದ. ಸರ್ಕಾರ ಅವನನ್ನು ಹಿಡಿಯಿತು; ಪತ್ರಿಕೆಯನ್ನು ಬಹಿರಂಗವಾಗಿ ಸುಡಬೇಕೆಂದು ಪಾರ್ಲಿಮೆಂಟು ಆಜ್ಞೆ ಮಾಡಿತು. ಡಿಸೆಂಬರ್ 3ರಂದು ಲಂಡನ್ನಿನ ಪೇಟೆಯ ನಡುವೆ ಗಲ್ಲಿಗೇರಿಸುವ ಕಟುಕ ಪತ್ರಿಕೆಗೆ ಬೆಂಕಿ ಹಚ್ಚಲು ಹೋದಾಗ, ನೆರೆದ ಜನ ಅದನ್ನು ಕಸಿದುಕೊಂಡು, ಅದೇ ಬೆಂಕಿಗೆ ಒಂದು ಬೂಟು, ಒಂದು ಲಂಗ ಎಸೆದರು. ಆಮೇಲೆ ‘45’ ಎಂಬ ಬರಿಯ ಅಂಕಿಯೇ ಚಳವಳಿಯ ಮಂತ್ರವಾಯಿತು. ಬಾಗಿಲುಗಳ ಮೇಲೆ, ಗಾಡಿಗಳ ಮೇಲೆ, ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ 45! ಓದು ಬಾರದವನಿಗೂ ಆ ಎರಡು ಅಂಕಿ ಬರುತ್ತಿತ್ತು. ಹೋಗಾರ್ತನಂಥ ಮಹಾ ಚಿತ್ರಗಾರ ಆಳುವವರ ಪಕ್ಷ ಹಿಡಿದು ಮೆಳ್ಳಗಣ್ಣಿನ ವಿಲ್ಕ್ಸನನ್ನು ಬರೆದು ಹಳಿದರೂ ಜನ ವಿಲ್ಕ್ಸನನ್ನು ಬಿಡಲಿಲ್ಲ.

ಇದರಿಂದ ತಿಳಿಯುವುದೇನು? ಬಣ್ಣ ಹಾಕದ ಒಂದು ಚಿತ್ರಕ್ಕೆ ಆರು ಪೆನ್ನಿ, ಬಣ್ಣ ಹಾಕಿದ್ದಕ್ಕೆ ಒಂದು ಶಿಲಿಂಗು ಅಥವಾ ಅದಕ್ಕಿಂತ ಹೆಚ್ಚು. ಕೂಲಿಯವನು ಅದನ್ನು ಕೊಳ್ಳಲಾರ. ಅವನು ಅಂಗಡಿಯ ಕಿಟಕಿಯ ಮುಂದೆ ನಿಂತು ಪುಕ್ಕಟೆಯಾಗಿ ನೋಡಿ ನಕ್ಕು, ಮನೆಗೆ ಹೋಗಿ ತನ್ನ ಹಳೆಯ ಬೂಟನ್ನು ಕೋಲಿಗೆ ಸಿಕ್ಕಿಸಿದ. ಚಿತ್ರಗಾರನಿಗೆ ಬೆಲೆ ಬಂದದ್ದು ಆ ಗುಂಪಿನಿಂದ. ಬೀದಿಯಲ್ಲಿ ನಗುವವರಿಲ್ಲದಿದ್ದರೆ ಅವನ ಚಿತ್ರ ಧಣಿಗಳ ದಿವಾನಖಾನೆಯ ಅಲಂಕಾರವಾಗಿ ಉಳಿಯುತ್ತಿತ್ತು. ವ್ಯಂಗ್ಯಚಿತ್ರ ಬೀದಿಯ ಮಗು. ಪತ್ರಿಕೆ ಅದಕ್ಕೆ ಸಾಕುತಾಯಿ ಮಾತ್ರ.

ಅಂದಿನ ಒಂದು ಚಿತ್ರವಂತೂ ನಮ್ಮ ನಾಡಿಗೇ ಸೇರಿದ್ದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದು, ಮಳೆ ಹಿಡಿದು, ಎತ್ತುಗಳು ಸತ್ತು, ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಮ್ಮೆಟ್ಟಿದ. ಸುದ್ದಿ ಲಂಡನ್ನಿಗೆ ತಲುಪಿದಾಗ ಜೇಮ್ಸ್ ಗಿಲ್‌ರೇ ಎಂಬ ಚಿತ್ರಗಾರ ಡಿಸೆಂಬರಿನಲ್ಲಿ ಒಂದು ಚಿತ್ರ ಪ್ರಕಟಿಸಿದ. ಮುಂಗಾರಿನ ಆಗಮನ ಎಂಬರ್ಥದ ತಲೆಬರಹ. ಕೋಟೆಯ ಮೇಲೆ ಟೀಪು ನಿಂತಿದ್ದಾನೆ, ಕೆಳಗೆ ಇಂಗ್ಲಿಷ್ ದಂಡನಾಯಕ ಪಲಾಯನ ಮಾಡುತ್ತಿದ್ದಾನೆ, ಮೇಲಿನಿಂದ ಮಳೆ ಸುರಿಯುತ್ತಿದೆ. ಆ ಮಳೆ ಮುಗಿಲಿನಿಂದ ಬಂದದ್ದಲ್ಲ. ಎಲ್ಲಿಂದ ಬಂತೆಂಬುದನ್ನು ಈ ಪುರವಣಿಯಲ್ಲಿ ಬರೆಯುವಂತಿಲ್ಲ. ವಾಚಕರು ಊಹಿಸಿಕೊಳ್ಳಬೇಕು. ತಮ್ಮದೇ ಸೈನ್ಯ ಪರದೇಶದಲ್ಲಿ ಯುದ್ಧ ಮಾಡುತ್ತಿರುವಾಗ ತಮ್ಮದೇ ಸೇನಾಪತಿಯನ್ನು ಲಂಡನ್ನಿನವರು ಹೀಗೆ ಕಂಡು ನಕ್ಕರು. ಅದರಿಂದ ಅವರ ರಾಜ್ಯವೇನೂ ಮುಳುಗಲಿಲ್ಲ. ಮುಂದಿನ ವರ್ಷವೇ, 1792ರಲ್ಲಿ, ಅದೇ ಕಾರ್ನ್‌ವಾಲಿಸ್ ಟೀಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ನಗೆಯಿಂದ ದೇಶ ದುರ್ಬಲವಾಗುತ್ತದೆಂದು ಹೇಳುವವರು ಈ ಎರಡು ವರ್ಷಗಳ ಚರಿತ್ರೆಯನ್ನು ಓದಬೇಕು.

ಇದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದ ದರಿಯಾ ದೌಲತಿನ ಗೋಡೆಯನ್ನು ತೋರಿಸುವವರಿದ್ದಾರೆ. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕಂಗೆಟ್ಟು ಕುಳಿತ ಚಿತ್ರ ಅಲ್ಲಿದೆ. ಒಳ್ಳೆಯ ಚಿತ್ರವೇ. ಆದರೆ ಅದು ದೊರೆ ತನ್ನ ಶತ್ರುವನ್ನು ನೋಡಿ ನಕ್ಕ ನಗೆ. ಸೋತ ಶತ್ರುವನ್ನು ನೋಡಿ ಯಾವ ದೊರೆ ನಕ್ಕಿಲ್ಲ? ಅದಕ್ಕೆ ಬಣ್ಣ ಬೇಕು, ಗೋಡೆ ಬೇಕು, ಧೈರ್ಯ ಬೇಡ. ತನ್ನ ತಲೆಯ ಮೇಲೆ ಕುಳಿತವನನ್ನು ನೋಡಿ ನಗುವುದಕ್ಕೆ ಮಾತ್ರ ಧೈರ್ಯ ಬೇಕು. ಅಂಥ ನಗೆ ನಮ್ಮಲ್ಲಿ ಎಲ್ಲಿತ್ತು ಎಂದು ಹುಡುಕುವವನು ಅರಮನೆಯ ಗೋಡೆ ಬಿಟ್ಟು ಊರಿನ ಅಗಸೆಗೆ ಬರಬೇಕು.

ಘಟ್ಟದ ಕೆಳಗೆ ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರಲ್ಲಿ ಸುಗ್ಗಿಯ ಕುಣಿತದ ಜೊತೆಗೆ ‘ಹಗರಣ’ವೆಂಬ ಆಟವುಂಟು. ಹೋಳಿ ಹುಣ್ಣಿಮೆಯ ಸುಮಾರಿಗೆ ನಡೆಯುವ ಈ ಆಟದಲ್ಲಿ ಹಗಲೆಲ್ಲ ಗದ್ದೆಯಲ್ಲಿ ಬಗ್ಗಿದವನು ಸಾಹೇಬನಾಗುತ್ತಾನೆ, ವೈದ್ಯನಾಗುತ್ತಾನೆ, ಪೊಲೀಸನಾಗುತ್ತಾನೆ, ಮತ ಕೇಳಲು ಬಂದ ನಾಯಕನಾಗುತ್ತಾನೆ. ಘಟ್ಟದ ಮೇಲೆ ನಮ್ಮ ಹಳಿಯಾಳ, ಮುಂಡಗೋಡಗಳಲ್ಲಿ ಹೋಳಿಯೆಂದರೆ ಹಲಗೆ, ಕಾಮಣ್ಣ ಮತ್ತು ಸೋಗು. ಜೋಯಿಡಾದ ಗೋವೆಯ ಗಡಿಯ ಹಳ್ಳಿಗಳಲ್ಲಿ ಅದೇ ಶಿಗ್ಮೊ. ಬಾಗಲಕೋಟೆಯಲ್ಲಿ ಸೋಗಿನ ಬಂಡಿಗಳ ವೈಭವ ಎಲ್ಲರಿಗೂ ಗೊತ್ತು. ಧಾರವಾಡ, ಹಾವೇರಿ ಸೀಮೆಯಲ್ಲಿ ಜೀವಂತ ಮನುಷ್ಯನನ್ನು ಚಟ್ಟದ ಮೇಲೆ ಮಲಗಿಸಿ, ಬಾಯಿ ಬಾಯಿ ಬಡಿದುಕೊಂಡು ಅಣಕು ಶವಯಾತ್ರೆ ತೆಗೆಯುವುದುಂಟು. ಅದು ಯಾರ ಹೆಣವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ಊರಿಗೆಲ್ಲ ತಿಳಿದಿರುತ್ತದೆ. ಲಂಡನ್ನಿನವನ ಬೂಟಿಗೂ ಈ ಹೆಣಕ್ಕೂ ಏನು ವ್ಯತ್ಯಾಸ?

ಹಳಮೆಯ ಸಾಕ್ಷಿ ಬೇಕೆನ್ನುವವರಿಗೆ ಹನ್ನೆರಡನೆಯ ಶತಮಾನದ ವಚನಕಾರರ ಹೆಸರುಗಳೇ ಸಾಕು. ಬಹುರೂಪಿ ಚೌಡಯ್ಯ ವೇಷ ಹಾಕಿ ಬದುಕಿದವನು. ನಗೆಯ ಮಾರಿತಂದೆ ನಗಿಸಿ ಬದುಕಿದವನು. ಸೋಗು ಹಾಕುವವನನ್ನೂ ನಗಿಸುವವನನ್ನೂ ಶರಣರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ರಾ.ಶಿ. ಎಂಬ ಡಾ. ಎಂ. ಶಿವರಾಂ ಅವರು 1942ರಲ್ಲಿ ತಮ್ಮ ಹಾಸ್ಯ ಮಾಸಪತ್ರಿಕೆಗೆ ಹೆಸರು ಹುಡುಕಿದಾಗ ಲಂಡನ್ನಿನ ಕಡೆ ನೋಡಲಿಲ್ಲ. ಮನೆಯ ಬಾಗಿಲಿಗೆ ಬಂದು, ಕೈ ಹಿಡಿದು, ಮುಖಕ್ಕೆ ಮುಖ ಕೊಟ್ಟು ಕಣಿ ಹೇಳುವ ಕೊರವಂಜಿಯನ್ನು ಕರೆತಂದರು. 1967ರವರೆಗೆ ಇಪ್ಪತ್ತೈದು ವರ್ಷ ಅವಳು ಕನ್ನಡಿಗರಿಗೆ ಕಣಿ ಹೇಳಿದಳು, ಆರ್.ಕೆ. ಲಕ್ಷ್ಮಣರ ಆರಂಭದ ಚಿತ್ರಗಳು ಅವಳ ಬುಟ್ಟಿಯಿಂದಲೇ ಹೊರಬಂದುವು. ಪತ್ರಿಕೆಯೇ ಬೀದಿಯ ಋಣವನ್ನು ಒಪ್ಪಿಕೊಂಡಿತ್ತು. ಮರೆತವರು ನಾವು, ಪಾಠ ಹೇಳುವವರು.

ಇನ್ನು ‘ಹಗರಣ’ ಎಂಬ ಶಬ್ದದ ಗತಿಯನ್ನು ನೋಡಿ. ಸಂಸ್ಕೃತದ ‘ಪ್ರಕರಣ’ ಹಳಗನ್ನಡದಲ್ಲಿ ‘ಪಗರಣ’ವಾಯಿತು, ಮುಂದೆ ‘ಹಗರಣ’ವಾಯಿತು. ಮೂಲದಲ್ಲಿ ಅದು ನಾಟಕ. ಜನರ ಬಾಯಲ್ಲಿ ಅಣಕದ ಆಟ. ಇಂದಿನ ಪತ್ರಿಕೆ ತೆರೆದರೆ ಭೂ ಹಗರಣ, ನೇಮಕಾತಿ ಹಗರಣ, ಬ್ಯಾಂಕ್ ಹಗರಣ. ಹಿಂದೆ ಹಗರಣವೆಂದರೆ ದೊಡ್ಡವರನ್ನು ಕುರಿತು ಜನ ಆಡುತ್ತಿದ್ದ ಆಟ. ಇಂದು ಹಗರಣವೆಂದರೆ ಜನರ ಹಣದಲ್ಲಿ ದೊಡ್ಡವರು ಆಡುವ ಆಟ. ತಾಯಿ ಶಬ್ದವಾದ ‘ಪ್ರಕರಣ’ವೂ ನಾಟಕಶಾಲೆ ಬಿಟ್ಟು ಪೊಲೀಸ್ ಠಾಣೆಗೆ ಸೇರಿದೆ. ಹಗರಣ ಆಡಿದವನ ಮೇಲೆ ಪ್ರಕರಣ ದಾಖಲಾಗುವ ಕಾಲದಲ್ಲಿ ತಾಯಿ ಮಗಳನ್ನೇ ಹಿಡಿದುಕೊಟ್ಟಂತಾಯಿತಲ್ಲವೆ?

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಹೋಳಿಯ ಸೋಗಿನ ಸ್ಪರ್ಧೆಗೆ ನನ್ನನ್ನು ನಿರ್ಣಾಯಕನಾಗಿ ಕರೆದರು. ಊರಿನ ಹೆಸರು ಬೇಡ. ಅಲ್ಲಿಯ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದು. ಮೂವರು ನಿರ್ಣಾಯಕರು, ಮೂರು ಕುರ್ಚಿ, ಮೇಜಿನ ಮೇಲೆ ಹೂದಾನಿ. ಬಂಡಿಗಳ ಬದಲು ಟ್ರ್ಯಾಕ್ಟರಿನ ಟ್ರೇಲರುಗಳು ಒಂದಾದ ಮೇಲೊಂದು ಬಂದುವು. ಒಂದರಲ್ಲಿ ಕಾಮದಹನ. ಜಡೆಯ ಶಿವನಿಗೆ ಹಣೆಯಲ್ಲಿ ಕೆಂಪು ದೀಪ, ಸುತ್ತ ಹೊಗೆ, ಧ್ವನಿವರ್ಧಕದಲ್ಲಿ ಮಂತ್ರ. ಖರ್ಚು ಚೆನ್ನಾಗಿಯೇ ಆಗಿತ್ತು.

ಇನ್ನೊಂದರಲ್ಲಿ ಕಾಡಂಚಿನ ಹಳ್ಳಿಯ ಐದಾರು ಹುಡುಗರು. ಒಂದು ಮೇಜು, ಒಬ್ಬ ಸಾಹೇಬ, ಅವನ ಕುತ್ತಿಗೆಗೆ ಹಾರದಂತೆ ಕಟ್ಟಿದ ಫೈಲುಗಳು. ಎದುರಿಗೆ ಚಟ್ಟದ ಮೇಲೆ ಒಬ್ಬ ಮುದುಕನ ಹೆಣ. ಮೊಮ್ಮಗ ಅರಣ್ಯಭೂಮಿಯ ಹಕ್ಕಿಗಾಗಿ ಅರ್ಜಿ ಹಿಡಿದಿದ್ದಾನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಇದ್ದರೆಂದು ತೋರಿಸಬೇಕು. ಅದನ್ನು ಈ ಹುಡುಗರು ಹೇಗೆ ಆಡಿದರು ನೋಡಿ. ಸಾಹೇಬ ‘ಸಾಕ್ಷಿ ಎಲ್ಲಿ?’ ಎನ್ನುತ್ತಾನೆ. ಹೆಣ ಎದ್ದು ಕೂತು ‘ನಾನ ಇದ್ದೀನಲ್ರಿ ಸಾಹೇಬ್ರ’ ಎನ್ನುತ್ತದೆ. ‘ನೀ ಸತ್ತೀದಿ, ನಡಿಯೂದಿಲ್ಲ, ನಿಮ್ಮಪ್ಪನ್ನ ಕರಕೊಂಡು ಬಾ.’ ಹೆಣ ಮತ್ತೆ ಮಲಗುತ್ತದೆ. ಹೆಂಗಸಿನ ವೇಷದವನು ಬಾಯಿ ಬಡಿದುಕೊಳ್ಳುತ್ತಾನೆ, ಹಲಗೆ ಬಡಿಯುತ್ತದೆ. ಮತ್ತೆ ಸಾಹೇಬ ಕರೆಯುತ್ತಾನೆ, ಮತ್ತೆ ಹೆಣ ಏಳುತ್ತದೆ. ನೆರೆದ ಸಾವಿರಾರು ಜನ ಬಿದ್ದು ಬಿದ್ದು ನಕ್ಕರು. ನಗುತ್ತಿದ್ದ ಕೆಲವು ಮುದುಕರ ಕಣ್ಣಲ್ಲಿ ನೀರಿತ್ತು. ನಾನೂ ನಕ್ಕೆ.

ನಕ್ಕು, ಮೊದಲ ಬಹುಮಾನವನ್ನು ಕಾಮದಹನಕ್ಕೆ ಕೊಟ್ಟೆ. ಎರಡನೆಯದು, ಮೂರನೆಯದು ಕೂಡ ಆ ಹುಡುಗರಿಗೆ ಹೋಗಲಿಲ್ಲ. ವೇದಿಕೆಯ ಮೇಲೆ ಅಧಿಕಾರಿಗಳಿದ್ದರು, ಸಮಿತಿಯವರ ಮುಖ ಬಿಗಿದಿತ್ತು. ಷರಾದಲ್ಲಿ ‘ಅಭಿರುಚಿಯ ಕೊರತೆ’ ಎಂದು ಬರೆದವನು ನಾನೇ. ಸಭೆ ಮುಗಿದ ಮೇಲೆ ಹೆಣದ ವೇಷದ ಹುಡುಗ, ಮುಖದ ಬೂದಿ ಒರೆಸಿಕೊಳ್ಳುತ್ತ ಬಂದು ಕೇಳಿದ: ‘ಸರ, ನಾವು ನಗಿಸಲಿಲ್ಲೇನ್ರಿ?’ ‘ನಗಿಸಿದ್ರೆಪ್ಪಾ’ ಎಂದೆ. ‘ಹಂಗಾರ?’ ಎಂದ. ಉತ್ತರ ಹೇಳಲು ಬರಲಿಲ್ಲ. ಮರುವರ್ಷ ಸ್ಪರ್ಧೆಯ ಕರಪತ್ರದಲ್ಲಿ ಹೊಸದೊಂದು ನಿಯಮ ಅಚ್ಚಾಗಿತ್ತು: ‘ರಾಜಕೀಯ ಹಾಗೂ ಸರ್ಕಾರಿ ವಿಷಯಗಳಿಗೆ ಅವಕಾಶವಿಲ್ಲ.’ ಆ ಹುಡುಗರು ಬರಲಿಲ್ಲ. ಮುಂದೊಂದು ದಿನ ಒಂದು ಕಚೇರಿಯ ಎದುರು ಟೈರು ಸುಟ್ಟರೆಂದು, ರಸ್ತೆ ತಡೆದರೆಂದು ಅವರಲ್ಲಿ ಮೂವರ ಮೇಲೆ ಪ್ರಕರಣ ದಾಖಲಾಯಿತೆಂದು ಕೇಳಿದೆ. ನಗಿಸಿದಾಗ ನಾವು ಅಭಿರುಚಿ ಕೇಳಿದೆವು; ಟೈರು ಸುಟ್ಟಾಗ ಪೊಲೀಸರನ್ನು ಕೇಳಿದೆವು. ನಡುವೆ ಅವರ ಅರ್ಜಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಬೀದಿಯ ನಗೆಯನ್ನು ಕಟ್ಟಿಹಾಕಲು ಅಧಿಕಾರಕ್ಕೆ ಎರಡು ಹಗ್ಗಗಳುಂಟು. ಒಂದು ಕಾನೂನಿನದು. ಫೀಲ್ಡಿಂಗನ ನಾಟಕಗಳ ಚಾಟಿಗೆ ಸಿಕ್ಕಿದ ಪ್ರಧಾನಿ ವಾಲ್‌ಪೋಲ್ 1737ರಲ್ಲಿ ನಾಟಕಗಳಿಗೆ ಪರವಾನಿಗೆಯ ಕಾಯ್ದೆ ತಂದ. ರಂಗಭೂಮಿಯ ಮೇಲಿನ ಆ ಬಗೆಯ ಕತ್ತರಿ ಇಂಗ್ಲೆಂಡಿನಲ್ಲಿ ಹೋದದ್ದು 1968ರಲ್ಲಿ. ನಮ್ಮಲ್ಲಿ 1876ರಲ್ಲಿ ಕಲಕತ್ತೆಗೆ ಬಂದ ಯುವರಾಜನನ್ನು ಒಬ್ಬ ವಕೀಲ ಮನೆಗೆ ಕರೆದು ಸತ್ಕರಿಸಿದ್ದನ್ನು ಅಲ್ಲಿಯ ರಂಗಮಂದಿರವೊಂದು ಅಣಕಿಸಿತು. ಅದೇ ವರ್ಷ ನಾಟಕ ಪ್ರದರ್ಶನಗಳ ಕಾಯ್ದೆ ಹುಟ್ಟಿತು. ಅದು ರದ್ದಾದದ್ದು 2018ರಲ್ಲಿ, ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ! 1862ರಿಂದ ಮುಂಬಯಿ ಇಲಾಖೆಯಲ್ಲಿದ್ದ ನಮ್ಮ ಜಿಲ್ಲೆಯವರಿಗೆ ಮರಾಠಿ ರಂಗಭೂಮಿ ಪರಕೀಯವಲ್ಲ. ಖಾಡಿಲ್ಕರರ ‘ಕೀಚಕವಧ’ದ ಸಂಗತಿ ಅಜ್ಜಂದಿರಿಗೆ ಗೊತ್ತಿತ್ತು. 1907ರ ಆ ನಾಟಕದಲ್ಲಿ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನನನ್ನೂ ದ್ರೌಪದಿಯಲ್ಲಿ ಭಾರತಮಾತೆಯನ್ನೂ ಕಂಡರು. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಪುರಾಣದ ಸೋಗು ನಿರಪಾಯವೆಂದು ಬಹುಮಾನ ಕೊಟ್ಟ ನನ್ನಂಥವನಿಗಿಂತ ಬ್ರಿಟಿಷ್ ಅಧಿಕಾರಿಗೇ ಪುರಾಣದ ಶಕ್ತಿ ಹೆಚ್ಚು ತಿಳಿದಿತ್ತು.

ಎರಡನೆಯದು ರೇಷ್ಮೆಯ ಹಗ್ಗ, ಬಹುಮಾನದ್ದು. ಕಾರ್ನ್‌ವಾಲಿಸನನ್ನು ನೆನೆಸಿದ ಅದೇ ಗಿಲ್‌ರೇ 1797ರಿಂದ ಪಿಟ್ ಸರ್ಕಾರದಿಂದ ಗುಟ್ಟಾಗಿ ವರ್ಷಕ್ಕೆ 200 ಪೌಂಡು ಪಡೆದ. ಆಮೇಲೆ ಅವನ ಲೇಖನಿ ಹೆಚ್ಚಾಗಿ ವಿರೋಧಿಗಳನ್ನೇ ತಿವಿಯಿತು. 1820ರಲ್ಲಿ ಕ್ರೂಕ್‌ಶ್ಯಾಂಕ್ ಎಂಬ ಚಿತ್ರಗಾರನಿಗೆ, ದೊರೆಯನ್ನು ಅನೈತಿಕ ಸನ್ನಿವೇಶದಲ್ಲಿ ಬರೆಯುವುದಿಲ್ಲವೆಂಬ ಮಾತಿಗಾಗಿ, 100 ಪೌಂಡು ಸಂದಾಯವಾಯಿತು. ಅವರಿಗೆ ಕೊಟ್ಟದ್ದು ಸುಮ್ಮನಿರಲು. ನಾವು ಕೊಡುವುದು ಸುಮ್ಮನಿರುವವರಿಗೆ. ಹಣದ ಮೊತ್ತದಲ್ಲಿ ಮಾತ್ರ ವ್ಯತ್ಯಾಸ. ‘ಜಾನಪದ ಸಂರಕ್ಷಣೆ’ ಎಂಬ ಹೆಸರಿನಲ್ಲಿ ಸೋಗನ್ನು ವೇದಿಕೆಗೆ ಹತ್ತಿಸಿ, ಹತ್ತು ನಿಮಿಷ ಕಾಲ ಕೊಟ್ಟು, ಶಾಲು ಹೊದೆಸಿ, ಹಲ್ಲು ಕಿತ್ತ ಹಾವನ್ನು ಬುಟ್ಟಿಯಲ್ಲಿಟ್ಟು ಪೂಜಿಸುತ್ತಿದ್ದೇವೆ. ನಿಷೇಧ ಮಾಡಿದ್ದರೆ ಯಾರಾದರೂ ಕೂಗುತ್ತಿದ್ದರು. ಸನ್ಮಾನವನ್ನು ವಿರೋಧಿಸಿ ಕೂಗುವವರು ಯಾರು?

ಇಲ್ಲಿ ಆಕ್ಷೇಪಗಳು ಬರುತ್ತವೆ, ಬರಬೇಕು. ಹೋಳಿಯ ಸೋಗಿನಲ್ಲಿ ಅಶ್ಲೀಲವಿಲ್ಲವೆ? ಉಂಟು. ಹೆಂಗಸರನ್ನು, ಬಡವರನ್ನು, ಕೆಳಗೆ ತುಳಿದ ಜಾತಿಗಳನ್ನು ಆಡಿಕೊಂಡು ನಗುವ ಹೊಲಸು ಅದರಲ್ಲಿ ಬೇಕಾದಷ್ಟಿತ್ತು, ಇಂದಿಗೂ ಇದೆ. ಅದನ್ನು ಪರಂಪರೆಯೆಂದು ಕಾಪಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಗಮನಿಸಿ: ಸಮಿತಿಗಳು ತೆಗೆದುಹಾಕಿದ್ದು ಅದನ್ನಲ್ಲ. ಹೆಂಗಸರ ವೇಷದ ಅಗ್ಗದ ಕುಣಿತಕ್ಕೆ ಯಾವ ಕರಪತ್ರದಲ್ಲೂ ನಿಯಮವಿಲ್ಲ. ಸಾಹೇಬನ ವೇಷಕ್ಕೆ ಮಾತ್ರ ನಿಯಮ. ಕೆಳಗೆ ನೋಡಿ ನಗುವುದು ಅಭಿರುಚಿಗೆ ವಿರೋಧವಲ್ಲ, ಮೇಲೆ ನೋಡಿ ನಕ್ಕರೆ ವಿರೋಧ! ಅಭಿರುಚಿಯೆಂಬ ಮಾತಿನ ಬಣ್ಣ ಇಲ್ಲಿ ಬಯಲಾಗುತ್ತದೆ. ನಗೆಯನ್ನು ತೂಗುವ ತಕ್ಕಡಿ ಒಂದೇ: ಅದು ಯಾವ ದಿಕ್ಕಿಗೆ ಹೋಗುತ್ತದೆ?

ಗುಂಪು ಯಾವಾಗಲೂ ನ್ಯಾಯದ ಪಕ್ಷವೆ ಎಂದು ಕೇಳುವವರಿದ್ದಾರೆ. ಅಲ್ಲ. ವಿಲ್ಕ್ಸನಿಗಾಗಿ ಕೂಗಿದ ಲಂಡನ್ನೇ 1780ರ ಜೂನಿನಲ್ಲಿ ಕ್ಯಾಥೊಲಿಕರ ಮೇಲಿನ ದ್ವೇಷದಿಂದ ಗಾರ್ಡನ್ ದಂಗೆಯೆಂಬ ಬೆಂಕಿಯಲ್ಲಿ ದಿನಗಟ್ಟಲೆ ಉರಿಯಿತು. ಸೈನ್ಯದ ಗುಂಡಿಗೆ ನೂರಾರು ಜನ ಸತ್ತರು. ನೆರೆಯವನನ್ನು ದ್ವೇಷಿಸುವ ಗುಂಪು ಬೇರೆ, ಆಳುವವನನ್ನು ಪ್ರಶ್ನಿಸುವ ಗುಂಪು ಬೇರೆ. ಸೋಗಿಗೆ ನಗೆ ಬೇಕು, ನಗೆಗೆ ಬುದ್ಧಿ ಬೇಕು. ಕಲ್ಲಿಗೆ ಎರಡೂ ಬೇಡ. ಇಂದು ಪಕ್ಷಗಳು ನಡೆಸುವ ಪ್ರತಿಕೃತಿ ದಹನವನ್ನು ನೋಡಿ. ಹುಲ್ಲಿನ ಗೊಂಬೆ, ಅದರ ಎದೆಗೆ ಹೆಸರಿನ ಚೀಟಿ, ಎದುರಿಗೆ ಕ್ಯಾಮರಾ. ಬೂಟಿನಲ್ಲಿದ್ದ ಕಲ್ಪನೆ ಎಲ್ಲಿ, ಎದ್ದು ಕೂರುವ ಹೆಣದ ಕಲ್ಪನೆ ಎಲ್ಲಿ! ನಗೆಯನ್ನು ಓಡಿಸಿದ ಊರಿನಲ್ಲಿ ಉಳಿಯುವುದು ಈ ಒಣ ಬೆಂಕಿಯೇ.

‘ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ದಿನಕ್ಕೆ ನೂರು ಅಣಕದ ಚಿತ್ರ ಹರಿದಾಡುತ್ತವೆ, ಸೋಗು ಯಾಕೆ?’ ಎಂಬುದು ನನ್ನ ವಿದ್ಯಾರ್ಥಿಗಳ ಪ್ರಶ್ನೆ. ಮೊಬೈಲಿನ ಚಿತ್ರಕ್ಕೆ ತಂದೆತಾಯಿಯಿಲ್ಲ. ಬೆಂಗಳೂರಿನಲ್ಲಿ ಹುಟ್ಟಿತೋ ದೆಹಲಿಯಲ್ಲಿ ಹುಟ್ಟಿತೋ, ಯಾರ ಹಣದಿಂದ ಹುಟ್ಟಿತೋ ತಿಳಿಯದು. ಸೋಗಿನವನು ಇಂಥವರ ಮಗನೆಂದು ಊರಿಗೆ ಗೊತ್ತು. ಬೂದಿ ಬಳಿದರೂ ಗೊತ್ತು. ಸುಳ್ಳು ಆಡಿದರೆ ನಾಳೆ ಸಂತೆಯಲ್ಲಿ ಅವನೇ ಉತ್ತರ ಕೊಡಬೇಕು. ಅವನು ಯಾರನ್ನು ಅಣಕಿಸುತ್ತಾನೋ ಅವನೂ ಅದೇ ಗುಂಪಿನಲ್ಲಿ ನಿಂತು ಕೇಳಬೇಕು. ಹೀಗೆ ಮುಖಾಮುಖಿ ನಿಂತು ಮಾತಾಡುವ ನಾಗರಿಕತೆ ಕೈಬೆರಳಿನ ತುದಿಯಿಂದ ಬರುವಂಥದಲ್ಲ.

ನಮ್ಮ ಸೀಮೆಗೆ ಈ ವಿದ್ಯೆಯ ಅಗತ್ಯ ಉಳಿದವರಿಗಿಂತ ಹೆಚ್ಚು. 1980ರ ದಶಕದಲ್ಲಿ ಸೂಪಾ ಅಣೆಕಟ್ಟಿನ ನೀರಿನಲ್ಲಿ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಅಲ್ಲಿಯ ಜನ ರಾಮನಗರದ ಕಡೆ ಎದ್ದುಹೋದರು. ಕಾಳಿಯ ನೀರು ನಾಡಿಗೆ ಬೆಳಕು ಕೊಟ್ಟಿತು. ಮುಳುಗಿದವರ ಮಾತಿಗೆ ಯಾವ ದೀಪವಿತ್ತು? ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಗಿರಣಿ ಬಂತು. ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ 1.50 ರೂಪಾಯಿಯಂತೆ ಕೊಡಲಾಗಿತ್ತೆಂದೂ ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಅದಕ್ಕೆ ನೂರಾರು ಪಟ್ಟು ತೆರಬೇಕಾಗಿತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಇದಕ್ಕಿಂತ ದೊಡ್ಡ ವ್ಯಂಗ್ಯಚಿತ್ರವನ್ನು ಯಾವ ಗಿಲ್‌ರೇ ಬರೆದಾನು? ಕಾಗದ ಮಾಡುವ ಸೀಮೆ ನಮ್ಮದು. ಆ ಕಾಗದದ ಮೇಲೆ ಮೇದಾರನ ಚಿತ್ರ ಬರೆದವರು ಮಾತ್ರ ಕಡಮೆ.

ಸೋತವರ ಮಾತು ಸರ್ಕಾರದ ದಫ್ತರಿನಲ್ಲಿ ಉಳಿಯುವುದಿಲ್ಲ, ಬೀದಿಯಲ್ಲಿ ಉಳಿಯುತ್ತದೆ. ನಮ್ಮ ನೆರೆಯ ನಂದಗಡದಲ್ಲಿ 1831ರಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನನ್ನೂ, 1857ರಲ್ಲಿ ಆಯುಧ ಕೊಡೆವೆಂದು ಸತ್ತ ಹಲಗಲಿಯ ಬೇಡರನ್ನೂ ಕಾಪಾಡಿದ್ದು ಲಾವಣಿ ಹಾಡುವವರು. ಅವರ ಬಾಯಿಯಿಂದಲೇ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಅವನ್ನು ಸಂಗ್ರಹಿಸಬೇಕಾಯಿತು. 1858ರಲ್ಲಿ ಸೂಪಾದ ಕಾಡಿನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಫಡ್ನೀಸ ಸಹೋದರರನ್ನೂ ಸಿದ್ದಿ ಬಸ್ತ್ಯಾಂವನನ್ನೂ ನಮ್ಮ ಹುಡುಗರಲ್ಲಿ ಎಷ್ಟು ಜನ ಬಲ್ಲರು? ಹಾಡುವ, ಆಡುವ ಬಾಯಿ ಕಟ್ಟಿದರೆ ಮುಂದಿನವರಿಗೆ ನಮ್ಮ ಕಾಲದ ಕಥೆಯೂ ಹೀಗೆಯೇ ಕಾಣೆಯಾಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಹೋಳಿಯ ಸಮಿತಿಗಳು ಕರಪತ್ರದಿಂದ ಆ ಒಂದು ನಿಯಮವನ್ನು ತೆಗೆಯಲಿ. ಬೇಕಾದರೆ ಇನ್ನೊಂದನ್ನು ಸೇರಿಸಲಿ: ಹೆಂಗಸರನ್ನು, ದುರ್ಬಲರನ್ನು ಹಳಿದ ಸೋಗಿಗೆ ಬಹುಮಾನವಿಲ್ಲ. ಅಧಿಕಾರಿಗಳು ವೇದಿಕೆಯಿಂದ ಇಳಿದು ಜನರ ನಡುವೆ ನಿಂತು ನೋಡಲಿ; ತಮ್ಮನ್ನು ಕಂಡು ನಗುವವರ ಜೊತೆ ಒಮ್ಮೆ ನಕ್ಕರೆ ಅವರ ಗೌರವ ಕುಂದುವುದಿಲ್ಲ. ಕನ್ನಡ ಕಲಿಸುವ ನಾವು ಹಗರಣವನ್ನು ‘ಅಳಿವಿನಂಚಿನ ಕಲೆ’ ಎಂಬ ಐದು ಅಂಕದ ಪ್ರಶ್ನೆಯಾಗಿ ಕೊಲ್ಲುವುದನ್ನು ಬಿಡೋಣ.

ಈ ವರ್ಷ ಅದೇ ಸಮಿತಿಯಿಂದ ಮತ್ತೆ ಪತ್ರ ಬಂದಿದೆ. ಮತ್ತೆ ನಿರ್ಣಾಯಕನಾಗಬೇಕಂತೆ. ನಿಯಮ ತೆಗೆದರೆ ಬರುತ್ತೇನೆ, ಇಲ್ಲದಿದ್ದರೆ ಜನರ ಗುಂಪಿನಲ್ಲಿ ನಿಂತು ನೋಡುತ್ತೇನೆ ಎಂದು ಬರೆದಿದ್ದೇನೆ. ಆ ಹುಡುಗನ ಹಳ್ಳಿಗೂ ಹೋಗಿ, ಅಂದು ಉತ್ತರ ಕೊಡಲಾಗದ ಪ್ರಶ್ನೆಗೆ ‘ತಪ್ಪು ನನ್ನದು’ ಎಂದು ಹೇಳಿ ಬಂದೆ. ಅವನು ನಕ್ಕು ‘ಅರ್ಜಿ ಇನ್ನೂ ಅಲ್ಲೇ ಐತ್ರಿ ಸರ’ ಎಂದ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ. ಹುಣ್ಣಿಮೆ ಹತ್ತಿರವಾಗುತ್ತಿದೆ.